ಬರಿದಾದ ಗ್ಯಾಸ್ ಡಬ್ಬಿ ಬರಿದಲ್ಲ: ಒಲೆಗೆ, ತಿಪ್ಪೆಗೆ, ಗುಜರಿಗೆ ಹಾಕುವ ಮುನ್ನ



ಹತ್ತಿಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಗಳಲ್ಲಿ ಒತ್ತಡದ ಅನಿಲವೆಂದರೆ ಅಡುಗೆ ಸಿಲಿಂಡರು ಒಂದೇ. ಇಂದು ಹಾಗಿಲ್ಲ. ಸೊಳ್ಳೆ, ಜಿರಲೆಗೆ ಹೊಡೆಯುವ ಸ್ಪ್ರೇ ಡಬ್ಬಿ, ಮೈಗೆ ಹಾಕುವ ಸುಗಂಧದ ಡಬ್ಬಿ, ಚೀಲಕ್ಕೂ ಯಂತ್ರಕ್ಕೂ ಗುರುತು ಹಾಕುವ ಬಣ್ಣದ ಡಬ್ಬಿ, ತುಕ್ಕು ಹಿಡಿದ ನಟ್ಟು ಬಿಡಿಸುವ ಎಣ್ಣೆಯ ಡಬ್ಬಿ, ಹುಟ್ಟುಹಬ್ಬಕ್ಕೆ ಮಕ್ಕಳು ತರುವ ನೊರೆಯ ಡಬ್ಬಿ, ಪ್ರವಾಸದ ಒಲೆಗೆ ಸಿಕ್ಕಿಸುವ ಬ್ಯೂಟೇನ್ ಡಬ್ಬಿ ಇವೆಲ್ಲ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪೇಟೆಯ ಅಂಗಡಿಗಳಿಂದ ತೋಟದ ಮನೆಯವರೆಗೂ ಬಂದಿವೆ. ತರುವಾಗ ಯಾರೂ ಯೋಚಿಸುವುದಿಲ್ಲ. ಖಾಲಿಯಾದ ಮೇಲೆ ಎಲ್ಲಿ ಹಾಕಬೇಕೆಂಬುದನ್ನು ಹೇಳಿಕೊಡುವವರೂ ಕಡಿಮೆ. ಆದ್ದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನೇ ತೆಗೆದುಕೊಂಡಿದ್ದೇವೆ.

ಅಡಿಕೆ ಬೆಳೆಗಾರರಿಗೆ ಇದು ಬೇರೆಯವರಿಗಿಂತ ಹೆಚ್ಚು ಸಂಬಂಧಪಟ್ಟ ಮಾತು. ಏಕೆಂದರೆ ಬೆಂಕಿ ನಮ್ಮ ಕಸುಬಿನ ಭಾಗ. ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತದೆ. ಸಿಪ್ಪೆಯ ರಾಶಿಗೆ, ಒಣಗಿದ ಸೋಗೆಗೆ, ಮೆಣಸಿನಕಾಯಿಯ ತೊಟ್ಟಿಗೆ, ಗೋವಿನಜೋಳದ ದಂಟಿಗೆ ಬೆಂಕಿ ಹಾಕುವ ರೂಢಿ ಇನ್ನೂ ಬಿಟ್ಟುಹೋಗಿಲ್ಲ. ಆ ರಾಶಿಯೊಳಗೆ ಯಾರೋ ಎಸೆದ ಒಂದು ಡಬ್ಬಿ ಅಡಗಿದ್ದರೆ, ಒಲೆಯ ಮುಂದೆ ಕುಳಿತ ಆಳಿನ ಮುಖಕ್ಕೆ, ಪಕ್ಕದಲ್ಲಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳಿಗೆ ಅಪಾಯ ತಪ್ಪಿದ್ದಲ್ಲ.

ಡಬ್ಬಿಯೊಳಗೆ ಏನಿದೆ?

ಸ್ಪ್ರೇ ಡಬ್ಬಿಯಲ್ಲಿ ಎರಡು ವಸ್ತುಗಳಿರುತ್ತವೆ. ಒಂದು, ನಮಗೆ ಬೇಕಾದ ಔಷಧ ಅಥವಾ ಬಣ್ಣ. ಇನ್ನೊಂದು, ಅದನ್ನು ಹೊರಕ್ಕೆ ತಳ್ಳುವ ಅನಿಲ. ಈ ತಳ್ಳುವ ಅನಿಲವನ್ನು ಒತ್ತಿ ದ್ರವ ಮಾಡಿ ತುಂಬಿರುತ್ತಾರೆ. ಗುಂಡಿ ಒತ್ತಿದಾಗ ಅದು ಮತ್ತೆ ಅನಿಲವಾಗಿ, ಸುಮಾರು 250 ಪಟ್ಟು ಹಿಗ್ಗಿ, ಔಷಧವನ್ನು ಹೊತ್ತು ಹೊರಬರುತ್ತದೆ.

ಈ ಬಗೆಯ ಡಬ್ಬಿ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಮಲೇರಿಯಾ ಸೊಳ್ಳೆಗಳಿಂದ ಸೈನಿಕರನ್ನು ಕಾಪಾಡಲು ಅಮೆರಿಕದ ಕೃಷಿ ಇಲಾಖೆಯ ಗುಡ್‌ಹ್ಯೂ ಮತ್ತು ಸಲಿವನ್ ಎಂಬ ಇಬ್ಬರು ಇದನ್ನು ಸಿದ್ಧಪಡಿಸಿದರು. ಆಗ ತುಂಬುತ್ತಿದ್ದದ್ದು ಫ್ರಿಯಾನ್ ಜಾತಿಯ ಅನಿಲ. ಅದು ಉರಿಯುತ್ತಿರಲಿಲ್ಲ. ಆದರೆ ಅದು ಮೇಲಕ್ಕೆ ಹೋಗಿ ಭೂಮಿಯ ಓಜೋನ್ ಪದರವನ್ನು ತಿನ್ನುತ್ತದೆಂದು 1974ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಫ್ರಿಯಾನ್ ಹೋಯಿತು, ಅದರ ಜಾಗಕ್ಕೆ ಪ್ರೊಪೇನ್, ಬ್ಯೂಟೇನ್ ಬಂದವು. ನಮ್ಮ ಅಡುಗೆ ಸಿಲಿಂಡರಿನಲ್ಲಿರುವುದೂ ಇವೇ. ಎಂದರೆ ಇಂದಿನ ಸೊಳ್ಳೆ ಸ್ಪ್ರೇ ಡಬ್ಬಿ ಒಂದು ಪುಟ್ಟ ಅಡುಗೆ ಗ್ಯಾಸಿನ ಸಿಲಿಂಡರು ಎಂದು ತಿಳಿದರೆ ತಪ್ಪಾಗುವುದಿಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ಸೋರಿದರೆ ಗೊತ್ತಾಗಲೆಂದು ಅಡುಗೆ ಗ್ಯಾಸಿಗೆ ಕೆಟ್ಟ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಸ್ಪ್ರೇ ಡಬ್ಬಿಗೆ ತುಂಬುವ ಗ್ಯಾಸಿನಲ್ಲಿ ಆ ವಾಸನೆ ಇರುವುದಿಲ್ಲ. ಇದ್ದಿದ್ದರೆ ಸುಗಂಧದ ಡಬ್ಬಿಯನ್ನು ಯಾರು ಕೊಳ್ಳುತ್ತಿದ್ದರು? ಆದ್ದರಿಂದ ಇದು ಸೋರಿದಾಗ ಮೂಗು ಎಚ್ಚರಿಸುತ್ತದೆಂದು ನಂಬಿ ಕೂಡಬಾರದು.

'ಖಾಲಿ' ಎಂದರೆ ಎಷ್ಟು ಖಾಲಿ?

ಗುಂಡಿ ಒತ್ತಿದಾಗ ಔಷಧ ಬರದಿದ್ದರೆ ನಾವು ಖಾಲಿಯಾಯಿತು ಎನ್ನುತ್ತೇವೆ. ಖಾಲಿಯಾದದ್ದು ಔಷಧ, ಗ್ಯಾಸು ಒಳಗೆ ಉಳಿದಿರಬಹುದು. ಮೂತಿ ಕಟ್ಟಿಕೊಂಡಿದ್ದರಂತೂ ಅರ್ಧ ಡಬ್ಬಿಯೇ ಉಳಿದಿರುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಡಬ್ಬಿಯಲ್ಲಿ ಬರೀ 10 ಗ್ರಾಂ ಬ್ಯೂಟೇನ್ ಉಳಿದಿದೆ ಎನ್ನಿ. ಅದು ಹೊರಬಂದರೆ ಸುಮಾರು 4 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬ್ಯೂಟೇನ್ ಬೆರೆತರೆ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಹಾಗಾದರೆ ಆ 4 ಲೀಟರ್ ಅನಿಲ 200 ಲೀಟರಿನ ಒಂದು ಬ್ಯಾರೆಲ್ಲನ್ನು ಪೂರ್ತಿ ಹೊತ್ತಿಕೊಳ್ಳುವ ಗಾಳಿಯಿಂದ ತುಂಬಬಲ್ಲದು. ಕಸ ಸುಡಲು ಹಿತ್ತಲಲ್ಲಿ ಇಟ್ಟುಕೊಳ್ಳುವ ಬ್ಯಾರೆಲ್ಲು ಅಷ್ಟೇ ದೊಡ್ಡದು. ಮೇಲಾಗಿ ಈ ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೇಲಕ್ಕೆ ಹಾರಿಹೋಗದೆ ನೆಲದ ಮೇಲೆ ಹರಿದು ತಗ್ಗು, ಗುಂಡಿ, ಚರಂಡಿಗಳಲ್ಲಿ ನಿಲ್ಲುತ್ತದೆ.

ಇನ್ನು ಬಿಸಿಯ ವಿಚಾರ. ಡಬ್ಬಿಯಲ್ಲಿ ದ್ರವರೂಪದ ಗ್ಯಾಸು ಹನಿಯಷ್ಟಿದ್ದರೂ ಒಳಗಿನ ಒತ್ತಡ ತುಂಬಿದ ಡಬ್ಬಿಯಷ್ಟೇ ಇರುತ್ತದೆ. ಒತ್ತಡವನ್ನು ನಿರ್ಧರಿಸುವುದು ಗ್ಯಾಸಿನ ಪ್ರಮಾಣವಲ್ಲ, ಶಾಖ. ಬ್ಯೂಟೇನಿನ ಒತ್ತಡ 20 ಡಿಗ್ರಿಯಲ್ಲಿ ವಾತಾವರಣದ ಒತ್ತಡದ ಸುಮಾರು 2 ಪಟ್ಟು. 50 ಡಿಗ್ರಿಯಲ್ಲಿ ಸುಮಾರು 5 ಪಟ್ಟು. ಪ್ರೊಪೇನಿನದು 8 ಪಟ್ಟಿನಿಂದ 17 ಪಟ್ಟಿಗೆ ಏರುತ್ತದೆ. ಡಬ್ಬಿಯ ಮೇಲೆ '50 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಒಡ್ಡಬೇಡಿ, ಖಾಲಿಯಾದ ಮೇಲೂ ತೂತು ಮಾಡಬೇಡಿ, ಸುಡಬೇಡಿ' ಎಂಬ ಅರ್ಥದ ಮಾತನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುವುದು ಇದಕ್ಕೇ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ, ತಗಡಿನ ಮಾಡಿನ ಕೆಳಗೆ 50 ಡಿಗ್ರಿ ದಾಟುವುದು ಕಷ್ಟವಲ್ಲ. ಒಲೆಯ ಕೆಂಡದ ಮಾತಂತೂ ಬೇಡ. ಡಬ್ಬಿಯ ತಗಡು ಕಾಲು ಮಿಲಿಮೀಟರಿನಷ್ಟು ತೆಳ್ಳಗಿನದು. ಬೆಂಕಿಯಲ್ಲಿ ಅದು ಮೆತ್ತಗಾಗುತ್ತದೆ, ಒಳಗಿನ ಒತ್ತಡ ಏರುತ್ತದೆ, ಕೊನೆಗೆ ಸಿಡಿಯುತ್ತದೆ. ಸಿಡಿದ ತಗಡು ಕತ್ತಿಯಂತೆ ಹಾರುತ್ತದೆ. ಸುತ್ತಲಿನ ಕೆಂಡವೂ ಚೆದುರುತ್ತದೆ. ಬೇಯುವ ಅಡಿಕೆಯ ಹಂಡೆಯ ಕೆಳಗೆ ಹೀಗಾದರೆ ಕುದಿಯುವ ಚೊಗರು ಮೈಮೇಲೆ ಬೀಳುತ್ತದೆ.

ಎರಡು ಬಗೆಯ ಡಬ್ಬಿ, ಎರಡು ನಿಯಮ

ಇಲ್ಲಿ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬೆಳೆಗೆ ಹೊಡೆಯುವ ಕೀಟನಾಶಕದ ಖಾಲಿ ಡಬ್ಬಿಯನ್ನು ಏನು ಮಾಡಬೇಕೆಂಬುದನ್ನು ನಾವು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಮೂರು ಸಲ ನೀರಿನಿಂದ ತೊಳೆದು ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಹಾಕಬೇಕು; ಮತ್ತೆ ಯಾರೂ ಬಳಸದಂತೆ ಡಬ್ಬಿಯನ್ನು ತೂತು ಮಾಡಬೇಕು. 1971ರ ಕೀಟನಾಶಕ ನಿಯಮಗಳಲ್ಲಿಯೂ ಬಳಸಿದ ಡಬ್ಬಿಗಳನ್ನು ಹೊರಗೆ ಬಿಡದೆ, ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು ಹೇಳಿತ್ತು.

ಆ ಅಭ್ಯಾಸವನ್ನೇ ಒತ್ತಡದ ಡಬ್ಬಿಗೂ ಹಚ್ಚಿದರೆ ಅನಾಹುತ. ಸ್ಪ್ರೇ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡುವಾಗ ಸುತ್ತಿಗೆಯ ಏಟಿಗೆ ಕಿಡಿ ಹುಟ್ಟುತ್ತದೆ. ಅದೇ ಕ್ಷಣಕ್ಕೆ ಗ್ಯಾಸು ಹೊರಬರುತ್ತದೆ. ಬೆಂಕಿಗೆ ಬೇಕಾದ ಎರಡನ್ನೂ ನಾವೇ ಕೂಡಿಸಿಕೊಟ್ಟಂತೆ. ಕಿಡಿ ಹುಟ್ಟದಿದ್ದರೂ ಹಿಡಿದ ಕೈಗೆ, ಬಾಗಿದ ಮುಖಕ್ಕೆ ಒಳಗಿನ ವಿಷ ಚಿಮ್ಮುತ್ತದೆ. ಆದ್ದರಿಂದ ಹೀಗೆ ನೆನಪಿಡಬೇಕು: ಮುಚ್ಚಳ ತಿರುಗಿಸಿ ತೆಗೆಯಲು ಬರುವ ಔಷಧದ ಡಬ್ಬಿಯನ್ನು ತೊಳೆದು ತೂತು ಮಾಡಬೇಕು, ಗುಂಡಿ ಒತ್ತಿ ಬಳಸುವ ಡಬ್ಬಿಯನ್ನು ಎಂದೂ ತೂತು ಮಾಡಬಾರದು. ಇಷ್ಟನ್ನು ತೋಟದ ಆಳುಗಳಿಗೂ ಮನೆಯ ಮಕ್ಕಳಿಗೂ ಹೇಳಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಬರಿದು ಮಾಡುವ ಕ್ರಮ

1. ಮೊದಲು ಡಬ್ಬಿಯನ್ನು ಪೂರ್ತಿ ಬಳಸಿ ಮುಗಿಸಬೇಕು. ಅರ್ಧ ಬಳಸಿ ಎಸೆಯುವುದು ಹಣಕ್ಕೂ ನಷ್ಟ, ಜೀವಕ್ಕೂ ಅಪಾಯ.

2. ಮೂತಿ ಕಟ್ಟಿಕೊಂಡಿದ್ದರೆ ಮೇಲಿನ ಗುಂಡಿಯನ್ನು ಕಿತ್ತು ಬೆಚ್ಚನೆಯ ನೀರಿನಲ್ಲಿ ತೊಳೆದು ಮತ್ತೆ ಹಾಕಬೇಕು. ಡಬ್ಬಿಯ ಒಳಗಿನ ಕವಾಟಕ್ಕೆ ಸೂಜಿ, ತಂತಿ ಚುಚ್ಚಬಾರದು. ಡಬ್ಬಿಯನ್ನು ಒಲೆಯ ಹತ್ತಿರ ಹಿಡಿದು ಬಿಸಿ ಮಾಡಬಾರದು.

3. ಔಷಧ ಮುಗಿದಿದೆ ಎನಿಸಿದ ಮೇಲೆ ಡಬ್ಬಿಯನ್ನು ಬಯಲಿಗೆ ಒಯ್ಯಬೇಕು. ಒಲೆ, ಬೀಡಿ, ದೀಪ, ಮೋಟಾರು, ಬೈಕು ಯಾವುದೂ ಹತ್ತಿರ ಇರಬಾರದು. ಬಾವಿ, ಕಾಲುವೆ, ದನದ ಮೇವು, ಜೇನುಪೆಟ್ಟಿಗೆಗಳಿಂದಲೂ ದೂರ ನಿಲ್ಲಬೇಕು. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಡಬ್ಬಿಯನ್ನು ತಲೆಕೆಳಗೆ ಮಾಡಿ ಗುಂಡಿಯನ್ನು ಒತ್ತಿ ಹಿಡಿಯಬೇಕು. ತಲೆಕೆಳಗೆ ಮಾಡಿದಾಗ ಒಳಗಿನ ಕೊಳವೆಯ ತುದಿ ಮೇಲಾಗಿ, ಔಷಧ ಬಾರದೆ ಗ್ಯಾಸು ಮಾತ್ರ ಬರುತ್ತದೆ. 'ಸುಸ್' ಎಂಬ ಸದ್ದು ಪೂರ್ತಿ ನಿಲ್ಲುವವರೆಗೆ ಬಿಡಬೇಕು. ಡಬ್ಬಿ ತಣ್ಣಗಾಗುವುದು ಸಹಜ. ಸ್ವಲ್ಪ ಹೊತ್ತು ನೆರಳಿನಲ್ಲಿ ಇಟ್ಟು ಮತ್ತೊಮ್ಮೆ ಒತ್ತಿ ನೋಡಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದಾಗ ದ್ರವದ ಸದ್ದು ಕೇಳಿಸಬಾರದು.

4. ಈ ಕೆಲಸವನ್ನು ಒಂದು ಸಲಕ್ಕೆ ಒಂದೇ ಡಬ್ಬಿಗೆ ಮಾಡಬೇಕು. ಹತ್ತಾರು ಡಬ್ಬಿಗಳನ್ನು ಒಟ್ಟಿಗೆ ಬಿಡಬಾರದು. ಮಕ್ಕಳ ಕೈಗೆ ಕೊಡಬಾರದು.

5. ಪ್ಲಾಸ್ಟಿಕ್ ಮುಚ್ಚಳ ಬೇರೆ, ಡಬ್ಬಿ ಬೇರೆ ಮಾಡಿ, ಡಬ್ಬಿಗಳನ್ನು ಗಾಳಿಯಾಡುವ ಒಂದು ಬುಟ್ಟಿಯಲ್ಲಿ ನೆರಳಿನಲ್ಲಿ ಇಡಬೇಕು. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲ ಬೇಡ. ಅಡಿಕೆ ಅಥವಾ ಕಾಫಿ ಶೇಖರಿಸುವ ಕೋಣೆ, ಅಡುಗೆಮನೆ, ಡೀಸೆಲ್ ಇಡುವ ಮೂಲೆ ಬೇಡ.

ಪ್ರವಾಸದ ಒಲೆಯ ಬ್ಯೂಟೇನ್ ಡಬ್ಬಿಗೆ ಇನ್ನೊಂದು ಪರೀಕ್ಷೆಯಿದೆ. ಒಳಗಿನ ಗ್ಯಾಸಿನ ತೂಕ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಹೊಸದಿದ್ದಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ತಕ್ಕಡಿಯಲ್ಲಿ ತೂಗಿದರೆ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ಒಲೆಯನ್ನು ಬಯಲಿನಲ್ಲಿಟ್ಟು, ಉರಿ ತಾನಾಗಿ ಆರುವವರೆಗೆ ಉರಿಸಿ ಮುಗಿಸುವುದೇ ಅದನ್ನು ಬರಿದು ಮಾಡುವ ಸುಲಭ ಉಪಾಯ. ಇಂಥ ಡಬ್ಬಿಗೆ ಮನೆಯಲ್ಲಿ ಮರಳಿ ಗ್ಯಾಸು ತುಂಬುವ ಸಾಹಸವನ್ನು ಯಾರೂ ಮಾಡಬಾರದು.

ಯಾರಿಗೆ ಕೊಡಬೇಕು?

ಹಾವೇರಿ ಮತ್ತು ರಾಣೇಬೆನ್ನೂರು ನಗರಸಭೆ, ಬ್ಯಾಡಗಿ ಪುರಸಭೆಯ ವ್ಯಾಪ್ತಿಯಲ್ಲಿರುವವರು ಕಸದ ಗಾಡಿಯವರಿಗೆ ಇದನ್ನು ಪ್ರತ್ಯೇಕವಾಗಿ ಕೈಗೆ ಕೊಟ್ಟು, 'ಇದು ಗ್ಯಾಸಿನ ಡಬ್ಬಿ, ಖಾಲಿ ಮಾಡಿದ್ದೇವೆ' ಎಂದು ಬಾಯಿ ಬಿಟ್ಟು ಹೇಳಬೇಕು. ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ ಮುಂತಾದವನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಇಟ್ಟು ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಅವನ್ನು ಪಡೆಯುವ ವ್ಯವಸ್ಥೆ ಮಾಡುವುದು ಸ್ಥಳೀಯ ಸಂಸ್ಥೆಯ ಹೊಣೆಯೆಂದೂ ಹೇಳಿದವು. ಹಸಿ ಕಸದೊಳಗೆ ಮುಚ್ಚಿ ಕೊಟ್ಟರೆ, ಕಸವನ್ನು ಒತ್ತುವ ಗಾಡಿಯಲ್ಲಿ ಡಬ್ಬಿ ಒಡೆದು ಪೌರಕಾರ್ಮಿಕರಿಗೆ ಪೆಟ್ಟಾಗುತ್ತದೆ. ನಮ್ಮ ಕಸವನ್ನು ಎತ್ತುವವರ ಕಣ್ಣು ನಮ್ಮ ಅಜಾಗರೂಕತೆಯಿಂದ ಹೋಗಬಾರದು.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಒಣಕಸದ ಘಟಕವಿದ್ದಲ್ಲಿ ಅಲ್ಲಿಗೆ ಕೊಡಬಹುದು. ಎರಡು ಮೂರು ತಿಂಗಳಿಗೊಮ್ಮೆ ಓಣಿಯ ನಾಲ್ಕಾರು ಮನೆಯವರು ಕೂಡಿ ಒಟ್ಟಿಗೆ ಒಯ್ದರೆ ಖರ್ಚೂ ಉಳಿಯುತ್ತದೆ. ಪಂಚಾಯಿತಿಯಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಬೇಕು. ಕೇಳದಿದ್ದರೆ ಬರುವುದಿಲ್ಲ.

ಗುಜರಿಯವನಿಗೆ ಕೊಡಬಹುದೇ? ಪೂರ್ತಿ ಬರಿದು ಮಾಡಿದ್ದನ್ನು, ಹೇಳಿಯೇ ಕೊಡಬಹುದು. ಈ ಡಬ್ಬಿಗಳು ಉಕ್ಕಿನ ತಗಡು ಇಲ್ಲವೆ ಅಲ್ಯೂಮಿನಿಯಂ. ಎರಡೂ ಕರಗಿಸಿ ಮತ್ತೆ ಬಳಕೆಗೆ ಬರುವ ಲೋಹಗಳು. ಅಯಸ್ಕಾಂತ ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ಆದರೆ ಚೀಲದ ತಳದಲ್ಲಿ ಗ್ಯಾಸು ಉಳಿದ ಡಬ್ಬಿಯನ್ನು ಬಚ್ಚಿಟ್ಟು ತೂಕಕ್ಕೆ ಹಾಕಿದರೆ, ಅದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡುವ ಹುಡುಗನಿಗೆ ನಾವು ಮೋಸ ಮಾಡಿದಂತೆ.

ತೋಟದಲ್ಲಿ ಹೂಳುವುದು ಬೇಡ. ತಗಡು ತುಕ್ಕು ಹಿಡಿದು ಉಳಿದ ವಿಷ ಮಣ್ಣಿಗೆ ಇಳಿಯುತ್ತದೆ. ಮುಂದೊಂದು ದಿನ ಗುದ್ದಲಿಗೆ, ಕಳೆ ಕೊಚ್ಚುವ ಯಂತ್ರದ ಅಲಗಿಗೆ ಸಿಕ್ಕಿದರೆ ಕಾಲು ಕುಯ್ಯುತ್ತದೆ.

ದೊಡ್ಡ ಸಿಲಿಂಡರುಗಳು

ಅಡುಗೆಯ 14.2 ಕಿಲೋ, ಅಂಗಡಿ ಹೋಟೆಲಿನ 19 ಕಿಲೋ, 5 ಕಿಲೋ ಇವು ಕಂಪನಿಯ ಸ್ವತ್ತು. ಬೇಡವಾದಾಗ ಏಜೆನ್ಸಿಗೆ ಮರಳಿಸಿ ಠೇವಣಿ ಪಡೆಯಬೇಕೇ ಹೊರತು ಮಾರಲು, ಕತ್ತರಿಸಲು ನಮಗೆ ಅಧಿಕಾರವಿಲ್ಲ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರ ಮತ್ತು ವರ್ಷದ ಅಂಕಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಆ ಅವಧಿಯೊಳಗೆ ಸಿಲಿಂಡರು ಮರುಪರೀಕ್ಷೆಗೆ ಹೋಗಬೇಕು. ಅವಧಿ ಮೀರಿದ್ದನ್ನು ಮನೆಗೆ ತಂದರೆ ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸಬೇಕು.

ಕಂಪನಿಯ ಹೆಸರಿಲ್ಲದ, ಸಂತೆಯಲ್ಲಿ ಕೊಂಡ ಚಿಕ್ಕ ಸಿಲಿಂಡರುಗಳು ಹಲವರ ಅಟ್ಟದ ಮೇಲಿವೆ. ಇವನ್ನು ಏಜೆನ್ಸಿಯವರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಇವಕ್ಕೆ ಮತ್ತೆ ಗ್ಯಾಸು ತುಂಬಿಸಬಾರದು. ನಾವೇ ಕತ್ತರಿಸಲೂಬಾರದು. ಒಳಗೆ ಗ್ಯಾಸಿನ ಆವಿ ಉಳಿದ ಸಿಲಿಂಡರಿಗೆ ವೆಲ್ಡಿಂಗಿನ ಉರಿ ತಾಗಿಸುವುದಕ್ಕಿಂತ ದೊಡ್ಡ ಹುಚ್ಚುತನ ಇನ್ನೊಂದಿಲ್ಲ. ಹತ್ತಿರದ ಅಗ್ನಿಶಾಮಕ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಮಾಡಬೇಕು. ಕೆಟ್ಟ ಸಿಲಿಂಡರನ್ನು ಮತ್ತೆ ಬೆಸೆಯಲು ಬಾರದಂತೆ ನಾಶ ಮಾಡಬೇಕೆಂಬ ನಿಯಮವಿದೆ. ಆದರೆ ಅದು ಗ್ಯಾಸು ಪೂರ್ತಿ ತೆಗೆದ ಮೇಲೆ ಬಲ್ಲವರು ಮಾಡುವ ಕೆಲಸ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಶೀತಲಗೃಹಗಳಿವೆ; ಫ್ರಿಜ್ಜಿಲ್ಲದ ಮನೆಯೂ ಈಗ ಅಪರೂಪ. ತಣ್ಣಗಿನ ಯಂತ್ರಗಳಿಗೆ ಗ್ಯಾಸು ತುಂಬಲು ಬಂದ ಮೆಕ್ಯಾನಿಕ್ಕು ಖಾಲಿ ಡಬ್ಬಿಯನ್ನು ನಮ್ಮಲ್ಲೇ ಬಿಟ್ಟುಹೋಗುವುದುಂಟು. ಹೊಸ ಫ್ರಿಜ್ಜುಗಳಲ್ಲಿ ಹಲವಕ್ಕೆ ಉರಿಯುವ ಐಸೋಬ್ಯೂಟೇನ್ ತುಂಬುತ್ತಾರೆ. ಡಬ್ಬಿಯನ್ನು ಅವನೇ ಒಯ್ಯಬೇಕೆಂದು ಕೂಲಿ ಕೊಡುವ ಮುನ್ನ ಹೇಳಿಬಿಡಬೇಕು. ಬೆಂಕಿ ನಂದಿಸುವ ಸಾಧನ ಹಳತಾದರೆ ಅದನ್ನು ಕೊಟ್ಟ ಅಂಗಡಿಗೇ ಮರಳಿಸಬೇಕು, ಅದರಲ್ಲೂ ಒತ್ತಡವಿದೆ.

ಹಬ್ಬದ ದಿನ ವಿಶೇಷ ಎಚ್ಚರ

ನಮ್ಮ ಸೀಮೆಯಲ್ಲಿ ಹೋಳಿಯ ಗದ್ದಲ ಎಲ್ಲರಿಗೂ ಗೊತ್ತಿದೆ. ಕಾಮದಹನಕ್ಕೆ ಹುಡುಗರು ಕೈಗೆ ಸಿಕ್ಕ ಕಟ್ಟಿಗೆ, ಬುಟ್ಟಿ, ಹಳೆಯ ಸಾಮಾನು ಎಲ್ಲವನ್ನೂ ತಂದು ಒಟ್ಟುತ್ತಾರೆ. ಈಚೆಗೆ ಬಣ್ಣದ ಸ್ಪ್ರೇ, ನೊರೆಯ ಸ್ಪ್ರೇ ಡಬ್ಬಿಗಳೂ ಅದೇ ದಿನ ಓಣಿಯಲ್ಲಿ ಬಿದ್ದಿರುತ್ತವೆ. ಒಟ್ಟಿಲಿಗೆ ಬೆಂಕಿ ಇಡುವ ಮುನ್ನ ಹಿರಿಯರೊಬ್ಬರು ಅದನ್ನು ಕೆದಕಿ ನೋಡಬೇಕು. ಹುಟ್ಟುಹಬ್ಬದಲ್ಲಿ ಉರಿಯುವ ಮೇಣದಬತ್ತಿಯ ಮುಂದೆ ನೊರೆ ಹಾರಿಸುವುದನ್ನಂತೂ ಪೂರ್ತಿ ನಿಲ್ಲಿಸಬೇಕು. ನೊರೆಯ ಜೊತೆ ಬರುವ ಗ್ಯಾಸು ಉರಿಯುವಂಥದ್ದಾದರೆ ಮಗುವಿನ ಮುಖಕ್ಕೇ ಜ್ವಾಲೆ ಹಾಯುತ್ತದೆ.

ಅಪಘಾತವಾದರೆ

ಬೆಂಕಿಯೊಳಗೆ ಡಬ್ಬಿ ಇರುವುದು ಕಂಡರೆ ಕೋಲಿನಿಂದ ಎಳೆಯಲು ಹೋಗಬಾರದು. ಎಲ್ಲರೂ ದೂರ ಸರಿದು ಗೋಡೆಯ ಮರೆಗೆ ನಿಲ್ಲಬೇಕು. ಬೆಂಕಿ ಆರಿ ಪೂರ್ತಿ ತಣ್ಣಗಾಗುವವರೆಗೆ ಹತ್ತಿರ ಹೋಗಬಾರದು. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಬೇಕು; ಹಲ್ಲುಜ್ಜುವ ಪೇಸ್ಟು, ಶಾಯಿ, ಎಣ್ಣೆ ಹಚ್ಚಬಾರದು. ದ್ರವರೂಪದ ಗ್ಯಾಸು ಚರ್ಮಕ್ಕೆ ತಾಗಿ ಮರಗಟ್ಟಿದರೆ ಉಜ್ಜದೆ ಉಗುರುಬೆಚ್ಚನೆಯ ನೀರಿನಲ್ಲಿಡಬೇಕು. ಕಣ್ಣಿಗೆ ಔಷಧ ಚಿಮ್ಮಿದರೆ ಧಾರಾಳವಾಗಿ ನೀರು ಹಾಕುತ್ತ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಡಬ್ಬಿಯನ್ನೂ ವೈದ್ಯರಿಗೆ ತೋರಿಸಲು ಒಯ್ಯಬೇಕು. ಆಂಬುಲೆನ್ಸಿಗೆ 108, ಬೆಂಕಿಯ ತುರ್ತಿಗೆ 112, ಅಡುಗೆ ಗ್ಯಾಸು ಸೋರಿದರೆ 1906 ಈ ಮೂರು ಸಂಖ್ಯೆಗಳನ್ನು ಅಡಿಕೆ ಬೇಯಿಸುವ ಚಪ್ಪರದ ಕಂಬಕ್ಕೆ ಬರೆದು ಅಂಟಿಸುವುದು ಒಳ್ಳೆಯದು.

ಸದಸ್ಯರಲ್ಲಿ ವಿನಂತಿ

ಕೊನೆಯದಾಗಿ ಒಂದು ಮಾತು. ಡಬ್ಬಿಗಳನ್ನು ಕೊಳ್ಳುವುದನ್ನೇ ಕಡಿಮೆ ಮಾಡಿದರೆ ಈ ತೊಡಕೂ ಕಡಿಮೆ. ಕಿಟಕಿಗೆ ಜಾಲರಿ ಹಾಕಿ, ನಿಂತ ನೀರು ಚೆಲ್ಲಿದರೆ ಸೊಳ್ಳೆ ತಗ್ಗುತ್ತದೆ. ಹಾಳೆಯಲ್ಲಿ, ಎಳನೀರಿನ ಚಿಪ್ಪಿನಲ್ಲಿ ಮಳೆಯ ನೀರು ನಿಲ್ಲದಂತೆ ನೋಡಿಕೊಳ್ಳುವುದು ತೋಟದವರ ಕೈಯಲ್ಲೇ ಇದೆ. ಚೀಲಕ್ಕೆ ಗುರುತು ಹಾಕಲು ಕುಂಚವೂ ಸಾಕು.

ಈ ಸಲದ ಅಡಿಕೆ ಬೇಯಿಸುವ ಒಲೆ ಹಚ್ಚುವ ಮುನ್ನ ಪ್ರತಿಯೊಬ್ಬ ಸದಸ್ಯರೂ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಹಿತ್ತಲು, ಅಟ್ಟ, ಪಂಪಿನ ಮನೆ, ಸಿಪ್ಪೆಯ ರಾಶಿ ಇಷ್ಟನ್ನು ಹುಡುಕಿ ನೋಡಬೇಕು. ಸಿಕ್ಕ ಡಬ್ಬಿಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ಬರಿದು ಮಾಡಿ ಒಂದು ಬುಟ್ಟಿಗೆ ಹಾಕಿಡಬೇಕು. ಓದಲು ಬಾರದ ಆಳುಗಳಿಗೆ ಈ ಲೇಖನವನ್ನು ಓದಿ ಹೇಳಬೇಕೆಂದು ಕೋರುತ್ತೇವೆ. ಒಲೆಯ ಮುಂದೆ ಕುಳಿತುಕೊಳ್ಳುವವರು ಹೆಚ್ಚಾಗಿ ಅವರೇ.